ಆಹಾರ ಪರ್ಯಾಪ್ತಿಯೂ ಅನಶನ ತಪವೂ

ಶ್ರೀ ವೀತರಾಗಾಯ ನಮಃ

ಸಂಸಾರಿ ಜೀವನು ಒಂದು ಭವವನ್ನು ಬಿಟ್ಟು ಮತ್ತೊಂದು ಭವವನ್ನು ಸೇರಿದಾಗ ಅವನಲ್ಲಿ ಮೊಟ್ಟಮೊದಲು ಪೂರ್ಣಗೊಳ್ಳುವ ಶಕ್ತಿ ಯಾವುದು? ಕಣ್ಣಲ್ಲ, ಕಿವಿಯಲ್ಲ, ಮಾತಲ್ಲ, ಮನಸ್ಸಲ್ಲ. ಆರು ಪರ್ಯಾಪ್ತಿಗಳಲ್ಲಿ ಮೊದಲನೆಯದು ಆಹಾರ ಪರ್ಯಾಪ್ತಿ. ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನ ಇವೆಲ್ಲವೂ ಅದರ ಅನಂತರದವು. ನಾಲ್ಕು ಸಂಜ್ಞೆಗಳನ್ನು ಎಣಿಸುವಾಗಲೂ ಆಹಾರ ಸಂಜ್ಞೆಯೇ ಮೊದಲು. ಭಯ, ಮೈಥುನ, ಪರಿಗ್ರಹಗಳು ಅದರ ಹಿಂದೆ ಬರುತ್ತವೆ. ೨೨ ಪರೀಷಹಗಳಲ್ಲಿ ಮೊದಲನೆಯದು ಕ್ಷುಧಾ ಪರೀಷಹ. ಆರು ಬಾಹ್ಯ ತಪಗಳಲ್ಲಿ ಮೊದಲನೆಯದು ಅನಶನ. ಆಚಾರ್ಯರು ಈ ಕ್ರಮವನ್ನು ಸುಮ್ಮನೆ ಇಟ್ಟವರಲ್ಲ. ಹಗ್ಗವು ಎಲ್ಲಿ ಮೊದಲು ಬಿಗಿದಿದೆಯೋ ಬಿಡಿಸುವ ಕೈಯೂ ಅಲ್ಲಿಂದಲೇ ತೊಡಗಬೇಕು.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತಿಗಳ ವಿವೇಚನೆಯಿದೆ. ಗ್ರಹಿಸಿದ ಪುದ್ಗಲವನ್ನು ಖಲಭಾಗವಾಗಿಯೂ ರಸಭಾಗವಾಗಿಯೂ ಪರಿಣಮಿಸುವ ಶಕ್ತಿಯೇ ಆಹಾರ ಪರ್ಯಾಪ್ತಿಯೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಲ್ಲಿ ಹೇಳಿರುವುದು ನೋಕರ್ಮ ವರ್ಗಣೆಗಳ ಗ್ರಹಣವನ್ನೇ ಹೊರತು ತಟ್ಟೆಯ ಊಟವನ್ನಲ್ಲ ಎಂಬುದನ್ನು ಮರೆಯಬಾರದು. ತುತ್ತು ತುತ್ತಾಗಿ ನುಂಗುವುದು ಕವಲಾಹಾರ. ಆದರೂ ಹೊರಗಿನ ಪುದ್ಗಲವು ಒಡೆದು, ಬೇರ್ಪಟ್ಟು, ದೇಹವಾಗಿ ಮಾರ್ಪಡುವ ಬಗೆ ಕವಲಾಹಾರದಲ್ಲಿಯೂ ಕಣ್ಣಿಗೆ ಕಾಣುವಂತಿದೆ. ವ್ರತಧಾರಿಯು ಈ ಬಗೆಯನ್ನು ಅರಿತಿರಬೇಕು. ದೇಹವು ಪರವಸ್ತು, ನಿಜ. ಆದರೆ ಹೊಳೆಯನ್ನು ದಾಟುವ ತನಕ ದೋಣಿಯ ಗುಣದೋಷಗಳನ್ನು ತಿಳಿಯದ ಅಂಬಿಗನು ದೋಣಿಯನ್ನೂ ಕೆಡಿಸುತ್ತಾನೆ, ದಡವನ್ನೂ ಸೇರುವುದಿಲ್ಲ.

ದೃಷ್ಟಾಂತಕ್ಕಾಗಿ ಮಲೆನಾಡಿನ ಒಂದು ಶ್ರಾವಕ ಕುಟುಂಬವನ್ನು ತೆಗೆದುಕೊಳ್ಳೋಣ. ಆ ಮನೆಯ ಹಿರಿಯ ತಾಯಿಗೆ ಅರವತ್ತೈದರ ವಯಸ್ಸು. ಮದುವೆಯಾಗಿ ಬಂದ ವರ್ಷದಿಂದ ಅನಂತ ಚತುರ್ದಶಿಯ ನಿರ್ಜಲ ಉಪವಾಸವನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಕೆಲವು ವರ್ಷಗಳಿಂದ ಮಧುಮೇಹ. ದಿನವೂ ಬೆಳಿಗ್ಗೆ ಮಗನು ಇನ್ಸುಲಿನ್ ಚುಚ್ಚುತ್ತಿದ್ದನು. ಆ ಭಾದ್ರಪದದಲ್ಲಿ ವೈದ್ಯರು ಉಪವಾಸ ಬೇಡವೆಂದರು. ಮಗನೂ ಸೊಸೆಯೂ ಕೈಮುಗಿದು ಬೇಡಿಕೊಂಡರು. ತಾಯಿ “ಆಗಲಿ” ಎಂದರು. ಚತುರ್ದಶಿಯ ಬೆಳಿಗ್ಗೆ ಮಗನು ಎಂದಿನಂತೆ ಸೂಜಿ ಚುಚ್ಚಿದನು. ಸೊಸೆ ಬಡಿಸಿಕೊಟ್ಟ ತಟ್ಟೆಯನ್ನು ತಾಯಿ ಹಿತ್ತಿಲಿಗೆ ಒಯ್ದು, ಕೊಟ್ಟಿಗೆಯ ಕರುವಿನ ಮುಂದೆ ಸುರಿದು, ಬರಿದಾದ ತಟ್ಟೆಯನ್ನು ತೊಳೆದಿಟ್ಟರು.

ಮಧ್ಯಾಹ್ನ ಬಸದಿಯಲ್ಲಿ ಪೂಜೆ ನಡೆದಿರುವಾಗ ಅವರ ಮೈಯೆಲ್ಲ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಮೊಮ್ಮಗಳು ಓಡಿಹೋಗಿ ಬೆಲ್ಲದ ನೀರನ್ನು ತಂದಳು. ತಾಯಿ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಪ್ರಜ್ಞೆ ತಪ್ಪಿತು. ಆಸ್ಪತ್ರೆಯಲ್ಲಿ ನರದ ಮೂಲಕ ಗ್ಲೂಕೋಸ್ ಹೋದ ಮೇಲೆ ಕಣ್ಣು ತೆರೆದು ಅವರು ಕೇಳಿದ ಮೊದಲ ಮಾತು: “ನನ್ನ ವ್ರತ ಹೋಯಿತೇ?”

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ತಾಯಿಯ ದೇಹದೊಳಗೆ ಏನು ನಡೆಯಿತೆಂಬುದನ್ನು ತಿಳಿಯಬೇಕು. ಅದಕ್ಕಾಗಿ ತುತ್ತಿನ ಹಾದಿಯನ್ನು ಬಾಯಿಯಿಂದಲೇ ಹಿಡಿಯಬೇಕು.

ಪಚನವು ಜಠರದಲ್ಲಿ ಆರಂಭವಾಗುವುದೆಂದು ಹಲವರ ಭಾವನೆ. ಅದು ಆರಂಭವಾಗುವುದು ಬಾಯಲ್ಲಿ. ದಿನವೊಂದಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಒಸರುತ್ತದೆ. ಅನ್ನದ ತುತ್ತನ್ನು ನಿಧಾನವಾಗಿ ಅಗಿದವರಿಗೆ ಅದು ಸಿಹಿಯಾಗುವುದು ಗೊತ್ತಾಗುತ್ತದೆ. ಲಾಲಾರಸವು ಪಿಷ್ಟವನ್ನು ಒಡೆದು ಸಕ್ಕರೆಯಾಗಿ ಮಾಡತೊಡಗಿರುವುದರ ಸಾಕ್ಷಿ ಅದು. ಅಲ್ಲಿಂದ ತುತ್ತು ಸುಮಾರು ೨೫ ಸೆಂಟಿಮೀಟರ್ ಉದ್ದದ ಅನ್ನನಾಳಕ್ಕೆ ಇಳಿಯುತ್ತದೆ. ತುತ್ತು ಕೆಳಗೆ ಬೀಳುವುದಲ್ಲ. ನಾಳದ ಸ್ನಾಯುಗಳು ಅಲೆಯಲೆಯಾಗಿ ಹಿಂಡಿ ಅದನ್ನು ತಳ್ಳುತ್ತವೆ.

ಜಠರವು ಬರಿದಾಗಿರುವಾಗ ಮುಷ್ಟಿಯಷ್ಟು ಚಿಕ್ಕದು. ತುಂಬಿದಾಗ ಒಂದು ಲೀಟರಿಗೂ ಹೆಚ್ಚು ಹಿಡಿಯುವಷ್ಟು ಹಿಗ್ಗುತ್ತದೆ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಸಸಾರಜನಕವನ್ನು ಒಡೆಯುವ ಪೆಪ್ಸಿನ್ ಎಂಬ ರಸವೂ ಕೂಡುತ್ತವೆ. ಬೇಳೆಯನ್ನು ಕರಗಿಸುವ ಆ ಆಮ್ಲ ಜಠರದ ಗೋಡೆಯನ್ನೇಕೆ ಕರಗಿಸುವುದಿಲ್ಲ? ಗೋಡೆಯ ಮೇಲೆ ಲೋಳೆಯ ಹೊದಿಕೆಯಿದೆ; ಗೋಡೆಯ ಮೇಲ್ಪದರದ ಕಣಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತವೆ. ಊಟವು ಎರಡರಿಂದ ನಾಲ್ಕು ಗಂಟೆಗಳ ಕಾಲ ಅಲ್ಲಿ ಕಲಸಿಕೊಳ್ಳುತ್ತದೆ. ತುಪ್ಪ ಎಣ್ಣೆಗಳು ಹೆಚ್ಚಾದಷ್ಟೂ ತಡ.

ಜೀವಂತ ಮನುಷ್ಯನ ಜಠರವನ್ನು ವರ್ಷಗಟ್ಟಲೆ ಕಣ್ಣಾರೆ ಕಂಡ ಒಬ್ಬ ವೈದ್ಯನಿದ್ದನು. ೧೮೨೨ರಲ್ಲಿ ಅಮೆರಿಕದ ಮ್ಯಾಕಿನ್ಯಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಬಡ ಕೂಲಿಯವನ ಹೊಟ್ಟೆಗೆ ಬಂದೂಕಿನ ಗುಂಡು ತಗುಲಿತು. ಗಾಯ ಮಾಯ್ದರೂ ಜಠರದ ರಂಧ್ರ ಮುಚ್ಚಲಿಲ್ಲ. ಸೇನಾವೈದ್ಯ ವಿಲಿಯಂ ಬ್ಯೂಮಾಂಟನು ಆ ರಂಧ್ರದ ಮೂಲಕ ನೋಡಿದುದನ್ನೆಲ್ಲ ಬರೆದಿಟ್ಟು ೧೮೩೩ರಲ್ಲಿ ಪ್ರಕಟಿಸಿದನು. ದಿಕ್ಕಿಲ್ಲದವನ ದೇಹವನ್ನು ಪರೀಕ್ಷೆಯ ಪಾತ್ರೆಯಾಗಿ ಬಳಸಿದುದು ಹೊಗಳತಕ್ಕ ಕಾರ್ಯವಲ್ಲ. ಆದರೆ ಅವನು ಕಂಡ ಒಂದು ಸಂಗತಿ ಶ್ರಾವಕರಿಗೆ ಉಪಯುಕ್ತವಾದುದು: ಆ ಮನುಷ್ಯನಿಗೆ ಸಿಟ್ಟು ಬಂದಾಗ ಪಚನವೇ ಕೆಡುತ್ತಿತ್ತು. ಕ್ರೋಧ ಕಷಾಯವು ಆತ್ಮನನ್ನು ಸುಡುವುದೆಂದು ಶಾಸ್ತ್ರ ಹೇಳುತ್ತದೆ. ಅದು ಉಂಡ ಅನ್ನವನ್ನೂ ಬಿಡುವುದಿಲ್ಲವೆಂದು ಈ ವೈದ್ಯನ ಬರಹ ತಿಳಿಸುತ್ತದೆ. ಊಟಕ್ಕೆ ಕುಳಿತಾಗ ಮೌನವಿರಬೇಕೆಂಬ ಹಿರಿಯರ ನಿಯಮಕ್ಕೆ ದೇಹವೂ ಸಾಕ್ಷಿ ನುಡಿಯುತ್ತದೆ.

ಜಠರದಿಂದ ಆಹಾರವು ಸುಮಾರು ಆರು ಮೀಟರ್ ಉದ್ದದ ಸಣ್ಣ ಕರುಳನ್ನು ಸೇರುತ್ತದೆ. ನಿಜವಾದ ರಸಗ್ರಹಣ ನಡೆಯುವುದು ಅಲ್ಲಿಯೇ. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ಗ್ರಂಥಿಯ ರಸವು ಪಿಷ್ಟ, ಸಸಾರಜನಕ, ಕೊಬ್ಬು ಈ ಮೂರನ್ನೂ ಬಿಡಿಸುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಲಕ್ಷಾಂತರ ಸೂಕ್ಷ್ಮ ಕುಚ್ಚುಗಳಿವೆ. ಅವುಗಳ ಮೂಲಕ ರಸಭಾಗ ರಕ್ತವನ್ನು ಸೇರುತ್ತದೆ. ಈ ಒಳಮೈಯನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಣದಷ್ಟಾಗುವುದೆಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ೨೦೧೪ರಲ್ಲಿ ಸ್ವೀಡನ್ನಿನ ಸಂಶೋಧಕರು ಮಾಡಿದ ಅಳತೆಯಂತೆ ಅದು ಸುಮಾರು ೩೦ ಚದರ ಮೀಟರ್, ಎಂದರೆ ಒಂದು ದೊಡ್ಡ ಕೋಣೆಯ ನೆಲದಷ್ಟು. ಉಳಿದ ಭಾಗವು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಸಾಗಿ, ಅಲ್ಲಿ ನೀರಿನ ಅಂಶವನ್ನು ಕಳೆದುಕೊಂಡು ಮಲವಾಗಿ ಹೊರಬೀಳುತ್ತದೆ. ಕುಡಿದ ನೀರೂ ಪಚನದ ರಸಗಳೂ ಕೂಡಿ ದಿನಕ್ಕೆ ಸುಮಾರು ಒಂಬತ್ತು ಲೀಟರ್ ದ್ರವ ಕರುಳಿಗೆ ಬರುತ್ತದೆ. ಅದರಲ್ಲಿ ಹೊರಗೆ ಹೋಗುವುದು ಒಂದು ಲೋಟದಷ್ಟು ಮಾತ್ರ. ಉಳಿದುದೆಲ್ಲವನ್ನೂ ದೇಹ ಮರಳಿ ಪಡೆಯುತ್ತದೆ. ಇಷ್ಟು ಮಿತವ್ಯಯದ ಗೃಹಸ್ಥನು ಲೋಕದಲ್ಲಿ ದುರ್ಲಭ.

ಉಂಡಾಗಿನ ಸ್ಥಿತಿ ಇದಾಯಿತು. ಉಣ್ಣದಿರುವಾಗ ಏನಾಗುತ್ತದೆ?

ಬರಿದಾದ ಜಠರ ಸುಮ್ಮನಿರುವುದಿಲ್ಲ. ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಸಣ್ಣ ಕರುಳಿನ ಕೊನೆಯ ಕಡೆಗೆ ಒಂದು ದೊಡ್ಡ ಅಲೆ ಹಾಯ್ದು, ಉಳಿದ ಚೂರುಗಳನ್ನೂ ಸೂಕ್ಷ್ಮ ಕ್ರಿಮಿಗಳನ್ನೂ ಮುಂದಕ್ಕೆ ಸಾಗಿಸುತ್ತದೆ. ಹೊಟ್ಟೆ ಗುರುಗುಟ್ಟುವುದು ಬಹುಮಟ್ಟಿಗೆ ಇದರಿಂದಲೇ. ಊಟ ಬಿದ್ದೊಡನೆ ಈ ಗುಡಿಸುವ ಕೆಲಸ ನಿಲ್ಲುತ್ತದೆ. ಹೊತ್ತುಹೊತ್ತಿಗೂ ಏನಾದರೊಂದನ್ನು ಬಾಯಾಡಿಸುವವನ ಕರುಳಿಗೆ ತನ್ನ ಮನೆಯನ್ನು ಗುಡಿಸಿಕೊಳ್ಳಲು ಬಿಡುವೇ ದೊರೆಯುವುದಿಲ್ಲ. ಏಕಭುಕ್ತದ ನಿಯಮವುಳ್ಳವರು ಇದನ್ನು ಗಮನಿಸಬೇಕು.

ಹಸಿವಿನ ಸ್ವಭಾವವನ್ನೂ ತಿಳಿಯಬೇಕು. ಜಠರದಿಂದ ಹೊರಟು ಮಿದುಳಿಗೆ ಹಸಿವನ್ನು ಸಾರುವ ಗ್ರೆಲಿನ್ ಎಂಬ ರಸವನ್ನು ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ದಿನವೂ ಉಣ್ಣುವ ಹೊತ್ತಿಗೆ ಏರುತ್ತದೆ. ಉಣ್ಣದಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆ. ಉಪವಾಸಿಯು ಹನ್ನೆರಡು ಗಂಟೆಗೆ ತಾಳಲಾರೆನೆಂದುಕೊಂಡ ಹಸಿವು ಎರಡು ಗಂಟೆಯ ಹೊತ್ತಿಗೆ ತಣ್ಣಗಾಗಿರುವುದು ಎಲ್ಲರ ಅನುಭವ. ಅಸಾತಾ ವೇದನೀಯವು ಉದಯಕ್ಕೆ ಬಂದು ಫಲ ಕೊಟ್ಟು ನಿರ್ಜರಿಸುವ ಪರಿಯನ್ನು ಶಾಸ್ತ್ರದಲ್ಲಿ ಓದಿದವರು ಅದರ ಒಂದು ನೆರಳನ್ನು ತಮ್ಮ ಹೊಟ್ಟೆಯಲ್ಲಿಯೇ ಕಾಣಬಹುದು. ಬಂದುದಕ್ಕೆ ಅಂಜದೆ, ಅದರೊಡನೆ ಹೋರಾಡದೆ, ಸಾಕ್ಷಿಯಾಗಿ ನೋಡುತ್ತ ಕುಳಿತರೆ ಅದು ಹೋಗುತ್ತದೆ. ಕ್ಷುಧಾ ಪರೀಷಹ ಜಯದ ಮೊದಲ ಪಾಠ ಇದು.

ಇನ್ನು ದೇಹವು ಶಕ್ತಿಯನ್ನು ಎಲ್ಲಿಂದ ತರುತ್ತದೆ? ಯಕೃತ್ತು ಸುಮಾರು ೧೦೦ ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಊಟ ನಿಂತಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಕಡಿಮೆ ಮಾಡಿ, ಗ್ಲುಕಗಾನ್ ಎಂಬ ಇನ್ನೊಂದು ರಸವನ್ನು ಹೆಚ್ಚಿಸುತ್ತದೆ. ಆಗ ಯಕೃತ್ತಿನ ಕಣಜದ ಬಾಗಿಲು ತೆರೆದು ರಕ್ತಕ್ಕೆ ಸಕ್ಕರೆ ಬರುತ್ತದೆ. ಆ ಕಣಜ ಸುಮಾರು ಒಂದು ದಿನಕ್ಕೆ ಸಾಕು. ಅನಂತರ ದೇಹವು ಕೊಬ್ಬನ್ನು ಕರಗಿಸಿ ನಡೆಯುತ್ತದೆ. ಸ್ವಲ್ಪ ಮಾಂಸಖಂಡವೂ ಸವೆಯುತ್ತದೆ. ಆರೋಗ್ಯವಂತನಾದ ಗೃಹಸ್ಥನು ಅಷ್ಟಮಿ ಚತುರ್ದಶಿಗಳಲ್ಲಿ ಒಂದು ದಿನ ಅನಶನ ಮಾಡಿದರೆ ಅವನ ದೇಹಕ್ಕೆ ಅದು ಹೊಸ ಸಂಗತಿಯಲ್ಲ. ಅದಕ್ಕೆ ಬೇಕಾದ ಏರ್ಪಾಡು ಒಳಗೇ ಇದೆ.

ಆದರೆ ಆ ತಾಯಿಯ ದೇಹದಲ್ಲಿ ಆ ಏರ್ಪಾಡಿಗೆ ಬೀಗ ಬಿದ್ದಿತ್ತು. ಸೂಜಿಯಿಂದ ಒಳಗೆ ಹೋದ ಇನ್ಸುಲಿನ್ ಉಂಡವರಿಗೂ ಉಣ್ಣದವರಿಗೂ ಭೇದವೆಣಿಸುವುದಿಲ್ಲ. ಕೊಟ್ಟ ಕೆಲಸವನ್ನು ಅದು ಮಾಡಿಯೇ ತೀರುತ್ತದೆ. ರಕ್ತದಲ್ಲಿದ್ದ ಸಕ್ಕರೆಯನ್ನು ಅಂಗಾಂಗಗಳೊಳಗೆ ತಳ್ಳಿತು. ಯಕೃತ್ತಿನ ಕಣಜದ ಬಾಗಿಲನ್ನು ಮುಚ್ಚಿಸಿತು. ಹೊಟ್ಟೆಯಿಂದ ಬರಬೇಕಾದುದು ಬರಲಿಲ್ಲ. ಮಿದುಳಿಗೆ ಸಕ್ಕರೆ ಸಾಲದಾದಾಗ ಬೆವರು, ನಡುಕ, ತೊದಲು, ಕೊನೆಗೆ ಮೂರ್ಛೆ. ಇದು ಕ್ಷುಧಾ ಪರೀಷಹವಲ್ಲ. ಪರೀಷಹದಲ್ಲಿ ಸಹಿಸುವವನಿಗೆ ಎಚ್ಚರವಿರುತ್ತದೆ. ಇಲ್ಲಿ ಸಹಿಸಬೇಕಾದ ಎಚ್ಚರವೇ ಆರಿಹೋಯಿತು. ಎಚ್ಚರ ತಪ್ಪಿದ ಮೇಲೆ ಧರ್ಮಧ್ಯಾನವೆಲ್ಲಿ, ಣಮೋಕಾರದ ಸ್ಮರಣೆಯೆಲ್ಲಿ?

ಆಸ್ಪತ್ರೆಯಿಂದ ಮರಳಿದ ದಿನ ಕ್ಷಮಾವಣಿ. ತಾಯಿ ಮಗನ ತೋಳನ್ನು ಹಿಡಿದುಕೊಂಡು, ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಬಳಿಗೆ ಹೋದರು. “ನಮೋಸ್ತು ಮಹಾರಾಜರೇ. ಅನಂತನ ದಿನ ನನ್ನ ಮೈಯೊಳಗೆ ಸಕ್ಕರೆ ನೀರು ಹೋಯಿತು. ಪ್ರಾಯಶ್ಚಿತ್ತವನ್ನು ಕೊಡಬೇಕು” ಎಂದು ಕಣ್ಣೀರಿಟ್ಟರು.

ಮುನಿಗಳು ನಡೆದುದೆಲ್ಲವನ್ನೂ ಕೇಳಿದರು. ಆಮೇಲೆ, “ಅಮ್ಮಾ, ಆಸ್ಪತ್ರೆಯಲ್ಲಿ ನಿಮ್ಮ ನರದೊಳಗೆ ಹೋದುದರ ವಿಷಯವನ್ನು ನೀವು ಹೇಳುತ್ತಿದ್ದೀರಿ. ಅದು ನಿಮ್ಮ ಇಚ್ಛೆಯಿಂದ ಹೋದುದಲ್ಲ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಡೆದುದಕ್ಕೆ ನೀವು ಪ್ರಾಯಶ್ಚಿತ್ತ ಕೇಳಲೇ ಇಲ್ಲವಲ್ಲ?” ಎಂದರು.

ತಾಯಿ ತಲೆ ತಗ್ಗಿಸಿದರು.

“ಅನ್ನವನ್ನು ಬಿಟ್ಟಿರಿ, ಮಾಯೆಯನ್ನು ಬಿಡಲಿಲ್ಲ. ಮಾಯಾ, ಮಿಥ್ಯಾ, ನಿದಾನ ಈ ಮೂರು ಶಲ್ಯಗಳು ಇಲ್ಲದವನೇ ವ್ರತಿ. ಕಾಲಿನಲ್ಲಿ ಮುಳ್ಳನ್ನಿಟ್ಟುಕೊಂಡು ಎಷ್ಟು ದೂರ ನಡೆಯುವಿರಿ? ಮಗನು ನಿಮ್ಮ ಮಾತನ್ನು ನಂಬಿ ಸೂಜಿ ಚುಚ್ಚಿದನು. ನಿಮ್ಮ ಪ್ರಾಣ ಹೋಗಿದ್ದರೆ ಅದು ಅವನ ಕೈಯಿಂದ ಹೋಗುತ್ತಿತ್ತು. ಆ ಭಾರವನ್ನು ಹೊತ್ತುಕೊಂಡು ಅವನು ಬದುಕಬೇಕಾಗಿತ್ತು. ಇಂದು ಕ್ಷಮಾವಣಿ. ಮೊದಲು ಅವನಲ್ಲಿ ಕ್ಷಮೆ ಕೇಳಿರಿ.”

ವ್ರತ ಹೋಯಿತೇ ಎಂಬ ಪ್ರಶ್ನೆಗೆ ಉತ್ತರ ಇದು. ವ್ರತವು ಆಸ್ಪತ್ರೆಯಲ್ಲಿ ಹೋಗಲಿಲ್ಲ. ತೊಳೆದಿಟ್ಟ ತಟ್ಟೆಯಲ್ಲಿ ಹೋಯಿತು. ಮೂವತ್ತು ನಲವತ್ತು ವರ್ಷ ಒಂದು ವ್ರತವನ್ನು ಆಚರಿಸಿದವರಿಗೆ ಆ ಲೆಕ್ಕದ ಮೇಲೆಯೇ ಮೋಹ ಹುಟ್ಟುವುದುಂಟು. ಲೆಕ್ಕ ತಪ್ಪಬಾರದೆಂಬ ಹಟವು ಮಾನ ಕಷಾಯ. ಆಹಾರವನ್ನು ತ್ಯಜಿಸಿದವನು ಮಾನವನ್ನು ಉಣ್ಣುತ್ತ ಕುಳಿತರೆ ಅದು ಲಂಘನವಾದೀತೇ ಹೊರತು ಉಪವಾಸವಾಗಲಾರದು.

ಹಾಗಾದರೆ ರೋಗಿಗಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ತಪದಲ್ಲಿ ಪಾಲಿಲ್ಲವೇ? ಇದೆ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪ. ಶಕ್ತಿಯನ್ನು ಅಡಗಿಸಿಡಲೂ ಬಾರದು, ಮೀರಲೂ ಬಾರದು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟಿದ್ದಾರೆ. ಉಪವಾಸಕ್ಕೆ ಶಕ್ತಿಯಿಲ್ಲದವರು ನೀರನ್ನು ಮಾತ್ರ ಸ್ವೀಕರಿಸುವ ಅನುಪವಾಸವನ್ನು ಮಾಡಬಹುದು. ಅದಕ್ಕೂ ಶಕ್ತಿಯಿಲ್ಲದವರು ವಿಕೃತಿರಹಿತವಾದ ಸರಳ ಆಹಾರವನ್ನು ನಿಯಮದಿಂದ ಸ್ವೀಕರಿಸಬಹುದು. ಬಾಹ್ಯ ತಪಗಳು ಆರು ಇರುವುದೂ ಇದಕ್ಕಾಗಿಯೇ. ಪುರುಷನ ಆಹಾರ ೩೨ ತುತ್ತೆಂದು ಎಣಿಸಿದ ಶಾಸ್ತ್ರವು ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೌದರ್ಯವೆನ್ನುತ್ತದೆ. ಉಪ್ಪನ್ನೋ ತುಪ್ಪವನ್ನೋ ಬಿಟ್ಟರೆ ರಸಪರಿತ್ಯಾಗ. ಔಷಧಿ ಸೇವಿಸುವವರು ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ, ಮನೆಯವರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಿ, ಗುರುಗಳ ಸಮ್ಮುಖದಲ್ಲಿ ತಮಗೆ ತಕ್ಕ ನಿಯಮವನ್ನು ಪಡೆಯಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು.

ಆರೋಗ್ಯವಂತರೂ ಎರಡು ಸಂಗತಿಗಳನ್ನು ನೆನಪಿಡಬೇಕು. ಪ್ರೋಷಧೋಪವಾಸದ ಪೂರ್ಣ ವಿಧಿ ೧೬ ಪ್ರಹರಗಳದು: ಸಪ್ತಮಿಯಂದು ಏಕಭುಕ್ತ, ಅಷ್ಟಮಿಯಂದು ಉಪವಾಸ, ನವಮಿಯಂದು ಏಕಭುಕ್ತ. ಧಾರಣೆಯ ದಿನ ಕಂಠಮಟ್ಟ ಉಂಡು, ಪಾರಣೆಯ ದಿನ ಹೋಳಿಗೆ ತುಪ್ಪದ ಮೇಲೆ ಬೀಳುವವನು ಈ ವಿಧಿಯ ಎರಡು ರೆಕ್ಕೆಗಳನ್ನೂ ಕತ್ತರಿಸಿದಂತೆ. ಜಠರಕ್ಕೆ ಇಳಿಯಲೂ ಏರಲೂ ಮೆಟ್ಟಿಲು ಬೇಕು. ಎರಡನೆಯದಾಗಿ, ಅಷ್ಟಾಹ್ನಿಕ ದಶಲಕ್ಷಣ ಪರ್ವಗಳಲ್ಲಿ ಹಲವು ದಿನ ಸತತವಾಗಿ ಉಪವಾಸ ಮಾಡಿದವರಿಗೆ ಪಾರಣೆಯೇ ಅಪಾಯದ ಗಳಿಗೆ. ಎರಡನೆಯ ಮಹಾಯುದ್ಧ ೧೯೪೫ರಲ್ಲಿ ಮುಗಿದ ಕಾಲದಲ್ಲಿ, ಸೆರೆಯಲ್ಲಿ ಹಸಿದು ಬಂದವರಿಗೆ ಒಮ್ಮೆಲೇ ಊಟ ಕೊಟ್ಟಾಗ ಕೆಲವರು ಸತ್ತುದನ್ನು ವೈದ್ಯರು ಕಂಡರು. ಸಕ್ಕರೆ ಒಮ್ಮೆಲೇ ಒಳಹೊಕ್ಕಾಗ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಮುಂತಾದ ಲವಣಗಳು ಅಂಗಕಣಗಳೊಳಗೆ ಸೆಳೆದುಹೋಗಿ ಹೃದಯದ ಬಡಿತವೇ ತಪ್ಪುವುದುಂಟು. ಆದುದರಿಂದ ತಿಳಿಯಾದ ಗಂಜಿ, ಹೆಸರುಬೇಳೆಯ ಕಟ್ಟು ಇವುಗಳಿಂದ ಸ್ವಲ್ಪ ಸ್ವಲ್ಪವಾಗಿ, ವೈದ್ಯರ ಗಮನದಲ್ಲಿ ಪಾರಣೆ ನಡೆಯಬೇಕು. ವೃಷಭದೇವರು ವರ್ಷದ ನಿರಾಹಾರದ ಅನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸನ ಕೈಯಿಂದ ಕಬ್ಬಿನ ಹಾಲನ್ನು ಸ್ವೀಕರಿಸಲಿಲ್ಲವೇ ಎಂದು ಕೇಳುವವರುಂಟು. ಅವರದು ವಜ್ರವೃಷಭನಾರಾಚ ಸಂಹನನ. ಪಂಚಮ ಕಾಲದ ನಮ್ಮ ಎಲುಬಿನ ಕಟ್ಟು ಅದಲ್ಲ. ಆ ಪಾದಗಳಿಗೆ ವಂದಿಸಬೇಕು. ಆ ಹೆಜ್ಜೆಯ ಅಳತೆಗೆ ನಮ್ಮ ಕಾಲನ್ನು ಎಳೆಯಬಾರದು.

ಸಮಂತಭದ್ರಾಚಾರ್ಯರ ಕಥೆಯನ್ನು ಎಲ್ಲ ಶ್ರಾವಕರೂ ಕೇಳಿದ್ದಾರೆ. ಅವರಿಗೆ ಭಸ್ಮಕ ವ್ಯಾಧಿ ಬಂದಿತು. ಉಂಡುದೆಲ್ಲ ಕ್ಷಣದಲ್ಲಿ ಭಸ್ಮವಾಗಿ ಹಸಿವು ಉರಿಯುತ್ತಲೇ ಇತ್ತು. ದಿನಕ್ಕೊಮ್ಮೆ ಪಾಣಿಪಾತ್ರದಲ್ಲಿ ಸ್ವೀಕರಿಸುವ ಮುನಿಯ ಆಹಾರ ಆ ಬೆಂಕಿಗೆ ಯಾವ ಮೂಲೆಗೆ? ಅವರು ಗುರುಗಳಲ್ಲಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ವ್ಯಾಧಿಯನ್ನು ಕಳೆದುಕೊಂಡು ಮತ್ತೆ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರು. ಸಮಂತಭದ್ರರು ಮುಚ್ಚುಮರೆಯಿಲ್ಲದೆ ಗುರುವಿನ ಮುಂದೆ ತಮ್ಮ ದೇಹಸ್ಥಿತಿಯನ್ನು ಇಟ್ಟರು, ಗುರುವಿನ ಮಾತಿಗೆ ಬಾಗಿದರು. ಮುಂದೆ ಪ್ರೋಷಧೋಪವಾಸದ ಲಕ್ಷಣವನ್ನು ಗೃಹಸ್ಥರಿಗಾಗಿ ರತ್ನಕರಂಡಕದಲ್ಲಿ ಹೇಳಿದವರು ಅವರೇ. ಸಲ್ಲೇಖನೆಗೆ ತಕ್ಕ ರೋಗವೆಂದರೆ ಪ್ರತೀಕಾರವಿಲ್ಲದ ರೋಗವೆಂದು ಎಲ್ಲೆಯನ್ನು ಹಾಕಿದವರೂ ಅವರೇ. ಪ್ರತೀಕಾರವಿರುವ ರೋಗಕ್ಕೆ ಚಿಕಿತ್ಸೆ ಪಡೆಯುವುದು ವ್ರತಕ್ಕೆ ಕಳಂಕವೆಂದು ಭಾವಿಸುವವರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು.

ಉಪವಾಸದಿಂದ ಕರುಳು ಶುದ್ಧವಾಗುವುದು, ಮೈ ಹಗುರವಾಗುವುದು ಎಂದು ಹೇಳಿ ಮಕ್ಕಳನ್ನು ವ್ರತಕ್ಕೆ ಎಳೆಯುವ ವಾಡಿಕೆ ಈಗ ಬೆಳೆದಿದೆ. ರೈತನು ಬಿತ್ತುವುದು ಭತ್ತಕ್ಕಾಗಿ. ಹುಲ್ಲು ತಾನಾಗಿ ಬರುತ್ತದೆ. ರಾತ್ರಿಭೋಜನ ತ್ಯಾಗವು ಅಹಿಂಸೆಗಾಗಿ ಹುಟ್ಟಿದ ನಿಯಮ. ಸಂಜೆಯ ಮೇಲೆ ದೇಹವು ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸದೆಂದು ವಿಜ್ಞಾನ ಹೇಳಿದರೆ ಅದು ಹುಲ್ಲಿನ ಲಾಭ. ಹುಲ್ಲು ಬಾರದ ವರ್ಷವೂ ಭತ್ತದ ಆಸೆಯನ್ನು ಬಿಡದವನೇ ವ್ರತಿ.

ಮರುವರ್ಷದ ಅನಂತ ಚತುರ್ದಶಿಯಂದು ಆ ತಾಯಿ ಬಸದಿಗೆ ಹೋಗುವ ಮೊದಲು ಅಡುಗೆಮನೆಯಲ್ಲಿ ಎಲ್ಲರ ಎದುರಿಗೆ ಕುಳಿತು, ವೈದ್ಯರು ಹೇಳಿದ ಹೊತ್ತಿಗೆ, ಹೇಳಿದ ಅಳತೆಯಲ್ಲಿ ಉಪ್ಪಿಲ್ಲದ ಗಂಜಿಯನ್ನು ಕುಡಿದರು. ಅವರ ಜೀವಮಾನದ ಅತ್ಯಂತ ಕಠಿಣವಾದ ತಪ ಅದಾಗಿತ್ತು. ಆ ದಿನ ತಟ್ಟೆಯನ್ನು ತೊಳೆದವಳು ಮೊಮ್ಮಗಳು.

ಸಮಸ್ತ ಶ್ರಾವಕ ಶ್ರಾವಿಕೆಯರ ವ್ರತಗಳು ನಿಃಶಲ್ಯವಾಗಿಯೂ ನಿರ್ವಿಘ್ನವಾಗಿಯೂ ನೆರವೇರಲಿ.

ಶುಭಂ ಭೂಯಾತ್.